ಹೊಸ ಗಾಡಿಗೆ ಔಷಧ: ಕೀಡೆ ಎಲ್ಲಿ, ಸಿಂಪರಣೆ ಎಲ್ಲಿ?

ನಮ್ಮ ಭಾಗದ ಹಳ್ಳಿಗಳಲ್ಲಿ ಹೊಸ ಗಾಡಿ ಮನೆಗೆ ಬಂದ ದಿನವೆಂದರೆ ಅದೊಂದು ಸಣ್ಣ ಹಬ್ಬವೇ ಸರಿ. ಗಾಲಿಯ ಕೆಳಗೆ ನಿಂಬೆಹಣ್ಣು, ಎದುರಿಗೆ ತೆಂಗಿನಕಾಯಿ, ಗಾಜಿನ ಮೇಲೆ ಅರಿಶಿನ ಕುಂಕುಮ, ಒಳಗೆ ಊದಿನಕಡ್ಡಿಯ ಹೊಗೆ. ಹಿರಿಯರು ಮೊದಲು ಕೂತು ಗುಡಿಯವರೆಗೆ ಒಂದು ಸುತ್ತು ಹೋಗಿ ಬರುವುದು ವಾಡಿಕೆ. ಕೊರೊನಾ ಕಾಲದಲ್ಲಿ ಈ ವಿಧಿಗಳ ಸಾಲಿಗೆ ಇನ್ನೊಂದು ಸೇರಿಕೊಂಡಿತು. ತೊಗರಿಗೆ ಔಷಧ ಹೊಡೆಯುವ ಬೆನ್ನಿನ ಪಂಪು ತಂದು ಗಾಡಿಯ ಒಳಗೆ ಸಿಂಪರಣೆ ಮಾಡುವುದೇ ಆ ಹೊಸ ವಿಧಿ.

ಇದರ ಬಗ್ಗೆ ನಾಲ್ಕು ಮಾತು ಬರೆಯಲು ಕಾರಣವಿದೆ. ಚಿಂಚೋಳಿ ತಾಲೂಕಿನ ನಮ್ಮ ಸಂಬಂಧಿಕರ ಮನೆಗೆ 2020ರ ಆಗಸ್ಟ್ ತಿಂಗಳಲ್ಲಿ ಹೊಸ ಕಾರು ಬಂತು. ಬಸ್ಸುಗಳು ಇನ್ನೂ ಸರಿಯಾಗಿ ಓಡದ ಕಾಲ. ದವಾಖಾನೆಗೆ ಕಲಬುರಗಿಗೆ ಹೋಗಬೇಕೆಂದರೆ ಎಂಬತ್ತು ಕಿಲೋಮೀಟರ್ ಆಸುಪಾಸಿನ ದಾರಿ. ಆದ್ದರಿಂದ ಸಾಲ ಮಾಡಿಯಾದರೂ ಸ್ವಂತ ಗಾಡಿ ಇರಲೆಂದು ಕೊಂಡರು. ‘ಎಲ್ಲೆಲ್ಲಿ ಯಾರ್ಯಾರು ಮುಟ್ಯಾರೋ ಏನೋ’ ಎಂಬ ಹೆದರಿಕೆಯಿಂದ ಬ್ಲೀಚಿಂಗ್ ಪುಡಿಯನ್ನು ಅಂದಾಜಿನ ಮೇಲೆ ಕಲಸಿ, ಪಂಪಿನಿಂದ ಆಸನ, ಸ್ಟೇರಿಂಗು, ಗುಂಡಿಗಳು ಎಲ್ಲದರ ಮೇಲೂ ಹೊಡೆದು, ಗಾಜು ಏರಿಸಿ ರಾತ್ರಿಯಿಡೀ ಬಂದ್ ಮಾಡಿಟ್ಟರು. ಬೆಳಿಗ್ಗೆ ಬಾಗಿಲು ತೆರೆದರೆ ಕಣ್ಣು ಉರಿಯುವ ವಾಸನೆ. ಆಸನದ ಬಟ್ಟೆ ಅಲ್ಲಲ್ಲಿ ಬಿಳಿಚಿಕೊಂಡಿತ್ತು. ಕೆಲವೇ ದಿನಗಳಲ್ಲಿ ಬೆಲ್ಟಿನ ಕೊಂಡಿಗೆ ತುಕ್ಕು ಹಿಡಿಯಿತು, ಗಾಜು ಇಳಿಸುವ ಒಂದು ಗುಂಡಿ ಕೆಲಸ ನಿಲ್ಲಿಸಿತು.

ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಅದೇ ವಾರ ಅದೇ ಗಾಡಿಯಲ್ಲಿ ಏಳು ಜನ ಒತ್ತರಿಸಿ ಕೂತು ಸೇಡಂ ಕಡೆಗೆ ನಿಶ್ಚಿತಾರ್ಥಕ್ಕೆ ಹೋದರು. ಹೊರಗೆ ಜಿಟಿಜಿಟಿ ಮಳೆ. ಗಾಜು ಪೂರ್ತಿ ಏರಿಸಿ ಏಸಿ ಹಾಕಿದ್ದರು. ‘ಗಾಡಿಗೆ ಔಷಧ ಹೊಡ್ದೀವಿ, ಏನೂ ಹೆದರಬ್ಯಾಡ್ರಿ’ ಎಂದು ಮಾಸ್ಕನ್ನೂ ತೆಗೆದಿಟ್ಟಿದ್ದರು. ಒಬ್ಬರಿಗೆ ಆಗಲೇ ಸಣ್ಣ ಕೆಮ್ಮು ಇತ್ತು. ಹತ್ತು ದಿನದೊಳಗೆ ಐವರು ಮಲಗಿದರು. ಅವರಲ್ಲಿ ನನ್ನ ಸೋದರಮಾವ ಮತ್ತೆ ಏಳಲಿಲ್ಲ. ಯಾರಿಂದ ಯಾರಿಗೆ ಬಂತೆಂದು ಹೇಳುವುದು ಸಾಧ್ಯವಿಲ್ಲ, ಯಾರನ್ನೂ ದೂರುವ ಉದ್ದೇಶವೂ ನನಗಿಲ್ಲ. ಆದರೆ ಆ ಮನೆಯವರು ಆಸನಕ್ಕೆ ಔಷಧ ಹೊಡೆದದ್ದು ಎಷ್ಟು ನಿಜವೋ, ಏಳು ಜನರ ಉಸಿರನ್ನು ಒಂದೇ ಪೆಟ್ಟಿಗೆಯಲ್ಲಿ ಮುಚ್ಚಿದ್ದೂ ಅಷ್ಟೇ ನಿಜ. ಹೊಡೆದದ್ದು ಒಂದು ಕಡೆ, ಕೀಡೆ ಇದ್ದದ್ದು ಇನ್ನೊಂದು ಕಡೆ.

ತೊಗರಿ ಹೊಲದ ಪಾಠ

ರೈತನಾದವನಿಗೆ ಈ ಮಾತು ಹೊಸದಲ್ಲ. 1997-98ರ ಹಂಗಾಮಿನಲ್ಲಿ ಕಾಯಿಕೊರಕ ನಮ್ಮ ತೊಗರಿಯನ್ನು ನುಂಗಿದ್ದು ಹಿರಿಯರಿಗೆ ನೆನಪಿದೆ. ಮೇಲಿಂದ ಮೇಲೆ ಔಷಧ ಹೊಡೆದರೂ ಹುಳು ಸಾಯಲಿಲ್ಲ, ಸಾಲ ಮಾತ್ರ ಬೆಳೆಯಿತು. ಹುಳು ಕಾಯಿಯೊಳಗೆ ಹೊಕ್ಕ ಮೇಲೆ ಎಲೆಯ ಮೇಲೆ ಸುರಿದ ಔಷಧ ಅದಕ್ಕೆ ತಟ್ಟುವುದಿಲ್ಲ ಎಂಬುದನ್ನು ಆಗ ಬಹಳ ದುಬಾರಿ ಬೆಲೆ ತೆತ್ತು ಕಲಿತೆವು. ಆಮೇಲೆ ಗಿಡವನ್ನು ಮೆಲ್ಲಗೆ ಅಲುಗಾಡಿಸಿ, ಕೆಳಗೆ ಹಿಡಿದ ಹಾಳೆಯ ಮೇಲೆ ಹುಳು ಬೀಳಿಸಿ ಆರಿಸುವ ಸರಳ ಕ್ರಮ ನಮ್ಮ ಹೊಲಗಳಲ್ಲಿ ಬಳಕೆಗೆ ಬಂತು. ಅದಕ್ಕೆ ಔಷಧದ ಖರ್ಚಿಲ್ಲ. ಕೀಡೆ ಎಲ್ಲಿದೆ, ಯಾವ ಹಂತದಲ್ಲಿದೆ ಎಂಬ ತಿಳಿವಳಿಕೆ ಮಾತ್ರ ಬೇಕು.

ಗಾಡಿಯ ವಿಷಯದಲ್ಲಿಯೂ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ರೋಗದ ವೈರಾಣು ಗಾಡಿಯಲ್ಲಿ ಎಲ್ಲಿರುತ್ತದೆ? ಆಸನದ ಮೇಲೋ, ಗಾಳಿಯಲ್ಲೋ?

ಕಲಬುರಗಿಯಿಂದಲೇ ಆರಂಭ

ನಮ್ಮ ದೇಶದಲ್ಲಿ ಕೋವಿಡ್‌ನಿಂದ ಸಂಭವಿಸಿದ ಮೊದಲ ಸಾವು ನಮ್ಮ ಜಿಲ್ಲೆಯದೇ. ಸೌದಿ ಅರೇಬಿಯಾದಿಂದ 2020ರ ಫೆಬ್ರುವರಿ 29ರಂದು ಮರಳಿದ್ದ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ಮಾರ್ಚ್ 10ರಂದು ತೀರಿಕೊಂಡರು. ಕಾರಣ ಕೋವಿಡ್ ಎಂದು ಮಾರ್ಚ್ 12ರಂದು ಖಚಿತವಾಯಿತು. ಚಿಕಿತ್ಸೆಗಾಗಿ ಅವರನ್ನು ಗಾಡಿಯಲ್ಲಿ ಹೈದರಾಬಾದಿಗೆ ಒಯ್ದಿದ್ದರು. ಇನ್ನೂರು ಕಿಲೋಮೀಟರಿಗೂ ಮೀರಿದ ದಾರಿ, ವಾಪಸು ಬರುವಾಗ ದಾರಿಯಲ್ಲಿಯೇ ಜೀವ ಹೋಯಿತು. ಮುಂದಿನ ದಿನಗಳಲ್ಲಿ ಸೋಂಕು ಕಂಡುಬಂದದ್ದು ಅವರ ಮನೆಯವರಲ್ಲೊಬ್ಬರಿಗೆ ಮತ್ತು ಅವರನ್ನು ನೋಡಿದ ವೈದ್ಯರೊಬ್ಬರಿಗೆ. ರೋಗಿಯ ಹತ್ತಿರ ಕೂತು ಅದೇ ಗಾಳಿಯನ್ನು ಉಸಿರಾಡಿದವರು ಅವರು.

ಅದೇ ಮಾರ್ಚ್ 17ರಂದು ಅಮೆರಿಕದ ವಿಜ್ಞಾನಿಗಳ ಒಂದು ಪ್ರಯೋಗ ಪ್ರಕಟವಾಯಿತು. ಈ ವೈರಾಣು ಪ್ಲಾಸ್ಟಿಕ್ಕಿನ ಮೇಲೆ 72 ಗಂಟೆ, ಉಕ್ಕಿನ ಮೇಲೆ 48 ಗಂಟೆ, ರಟ್ಟಿನ ಮೇಲೆ 24 ಗಂಟೆ, ತಾಮ್ರದ ಮೇಲೆ 4 ಗಂಟೆಯವರೆಗೆ ಪತ್ತೆಯಾಗುತ್ತದೆ ಎಂದು ಅದರಲ್ಲಿ ಕಂಡುಬಂತು. ಪ್ರಯೋಗಾಲಯದ ಈ ಸಂಖ್ಯೆಗಳು ಹಳ್ಳಿಹಳ್ಳಿಗೂ ಮುಟ್ಟಿದವು. ಗಂಟೆ ಕಳೆದಂತೆ ವೈರಾಣುವಿನ ಪ್ರಮಾಣ ವೇಗವಾಗಿ ಇಳಿಯುತ್ತದೆ ಎಂಬ ಅದೇ ಪ್ರಯೋಗದ ಇನ್ನೊಂದು ಮಾತು ಮಾತ್ರ ದಾರಿಯಲ್ಲಿ ಎಲ್ಲೋ ಕಳೆದುಹೋಯಿತು.

ಈಗ ಹೊಸ ಗಾಡಿಯ ಲೆಕ್ಕ ಹಾಕೋಣ. 2020ರ ಏಪ್ರಿಲ್ ತಿಂಗಳಲ್ಲಿ ದೇಶದ ಅತಿ ದೊಡ್ಡ ಕಾರು ಕಂಪನಿಯಾದ ಮಾರುತಿ ಸುಜುಕಿ ದೇಶದೊಳಗೆ ಒಂದೇ ಒಂದು ಕಾರನ್ನೂ ಮಾರಲಿಲ್ಲ. ಲಾಕ್‌ಡೌನ್‌ನಿಂದಾಗಿ ಅಂಗಡಿಗಳೇ ಬಂದ್ ಆಗಿದ್ದವು. ಅಂದರೆ ತಯಾರಾದ ಗಾಡಿಗಳು ವಾರಗಟ್ಟಲೆ ಬಿಸಿಲಲ್ಲಿ ನಿಂತಿದ್ದವು. ಆ ಪ್ರಯೋಗದಲ್ಲಿ ಮೂರು ದಿನದವರೆಗೆ ಪತ್ತೆಯಾದ ವೈರಾಣು ಆ ಗಾಡಿಗಳಲ್ಲಿ ಉಳಿಯುವ ಮಾತೇ ಇರಲಿಲ್ಲ. ಉಳಿದದ್ದು ಗಾಡಿ ಕೈಗೆ ಕೊಡುವ ದಿನ ಅದನ್ನು ಮುಟ್ಟಿದ ನಾಲ್ಕಾರು ಕೈಗಳ ಪ್ರಶ್ನೆ. ಅದಕ್ಕೆ ಸಾಬೂನು ನೀರಿನ ಒಂದು ಬಟ್ಟೆ ಸಾಕಿತ್ತು.

2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವೂ ಈ ಲೆಕ್ಕವನ್ನು ಸ್ಪಷ್ಟಪಡಿಸಿತು. ವೈರಾಣು ತಾಗಿದ ವಸ್ತುವನ್ನು ಒಮ್ಮೆ ಮುಟ್ಟುವುದರಿಂದ ಕೋವಿಡ್ ಅಂಟುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ ಎಂದಿತು. ಮುಚ್ಚಿದ ಜಾಗದಲ್ಲಿ ಗಾಳಿಯ ಮೂಲಕ ಹರಡುವುದೇ ಮುಖ್ಯ ದಾರಿ ಎಂಬುದು ಅಷ್ಟರಲ್ಲಿ ಜಗತ್ತಿಗೆಲ್ಲ ಮನವರಿಕೆಯಾಗಿತ್ತು. ಗಾಜು ಏರಿಸಿದ ಕಾರಿಗಿಂತ ಚಿಕ್ಕದಾದ ಮುಚ್ಚಿದ ಜಾಗ ನಮ್ಮ ದಿನನಿತ್ಯದ ಬಾಳಿನಲ್ಲಿ ಮತ್ತೊಂದು ಇರಲಾರದು.

ಗಾಜು ಇಳಿಸುವುದೇ ಮೊದಲ ಮದ್ದು

ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಕಾರಿನೊಳಗೆ ಗಾಳಿ ಹೇಗೆ ಓಡಾಡುತ್ತದೆ ಎಂಬುದನ್ನು ಗಣಕಯಂತ್ರದಲ್ಲಿ ಲೆಕ್ಕ ಹಾಕಿ 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದರು. ಮುಂದೆ ಚಾಲಕ, ಹಿಂದಿನ ಆಸನದಲ್ಲಿ ಅವನಿಗೆ ಓರೆಯಾಗಿ ಎದುರು ಮೂಲೆಯಲ್ಲಿ ಒಬ್ಬ ಪ್ರಯಾಣಿಕ, ಗಂಟೆಗೆ 80 ಕಿಲೋಮೀಟರ್ ವೇಗ. ನಾಲ್ಕೂ ಗಾಜು ಏರಿಸಿ ಏಸಿ ಹಾಕಿದಾಗ ಒಬ್ಬರ ಉಸಿರಿನ ಕಣಗಳು ಇನ್ನೊಬ್ಬರನ್ನು ಹೆಚ್ಚಾಗಿ ಮುಟ್ಟಿದವು. ನಾಲ್ಕೂ ಗಾಜು ಇಳಿಸಿದಾಗ ಬಹಳ ಕಡಿಮೆಯಾಯಿತು. ಎರಡೇ ಗಾಜು ಇಳಿಸುವುದಾದರೆ ತಮ್ಮ ಪಕ್ಕದ ಗಾಜನ್ನಲ್ಲ, ಎದುರು ಬದಿಯ ಗಾಜನ್ನು ಇಳಿಸುವುದು ಲೇಸೆಂದು ಕಂಡುಬಂತು. ಒಂದು ಕಡೆಯಿಂದ ಒಳಬಂದ ಗಾಳಿ ಇನ್ನೊಂದು ಮೂಲೆಯಿಂದ ಹೊರಹೋಗಬೇಕು, ಇಷ್ಟೇ ಇದರ ಗುಟ್ಟು. ರಾಶಿ ತೂರುವಾಗ ಗಾಳಿಯ ದಿಕ್ಕು ನೋಡಿ ನಿಲ್ಲುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ನಮ್ಮ ರಸ್ತೆಯ ಧೂಳಿನಲ್ಲಿ ಗಾಜು ಇಳಿಸುವುದೆಂತು?’ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ವಾಡಿ, ಶಹಾಬಾದ್ ಕಡೆಯ ಸಿಮೆಂಟು ಮತ್ತು ಕಲ್ಲಿನ ಲಾರಿಗಳ ಹಿಂದೆ ಹೋದವರಿಗೆ ಆ ಕಷ್ಟ ಗೊತ್ತು. ಅಂಥ ಕಡೆ ಎದುರುಬದುರಿನ ಎರಡು ಗಾಜುಗಳನ್ನು ನಾಲ್ಕು ಬೆರಳಿನಷ್ಟಾದರೂ ಇಳಿಸಬಹುದು. ಏಸಿ ಬೇಕೇ ಬೇಕೆಂದಾದರೆ ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು ಬಂದ್ ಮಾಡಿ ಹೊರಗಿನ ಗಾಳಿ ಒಳಬರುವಂತೆ ಇಡಬೇಕು. ಆ ಗುಂಡಿಯ ಮೇಲೆ ಕಾರಿನ ಚಿತ್ರ, ಅದರೊಳಗೆ ತಿರುಗುವ ಬಾಣದ ಗುರುತು ಇರುತ್ತದೆ. ಗಾಡಿ ಕೊಳ್ಳುವ ದಿನವೇ ಅದನ್ನು ತೋರಿಸಿಕೊಡಿರೆಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಮಾಸ್ಕು ಧೂಳನ್ನೂ ತಡೆಯುತ್ತದೆ, ಕೆಮ್ಮಿನ ತುಂತುರನ್ನೂ ತಡೆಯುತ್ತದೆ.

ಹೊಸ ಗಾಡಿಯಲ್ಲಿ ಗಾಜು ಇಳಿಸಲು ಇನ್ನೂ ಒಂದು ಕಾರಣವಿದೆ. ‘ಹೊಸಾ ವಾಸನಿ’ ಎಂದು ನಾವು ಹಿಗ್ಗುವುದು ಪ್ಲಾಸ್ಟಿಕ್ಕು, ಅಂಟು, ಬಣ್ಣಗಳಿಂದ ಏಳುವ ರಾಸಾಯನಿಕ ಆವಿ. ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಅದು ಇನ್ನೂ ಹೆಚ್ಚು. ಒಳಗೆ ಕೂರುವ ಮುನ್ನ ನಾಲ್ಕೂ ಬಾಗಿಲು ತೆರೆದು ಸ್ವಲ್ಪ ಹೊತ್ತು ಗಾಳಿಯಾಡಿಸುವುದು ರೋಗವಿಲ್ಲದ ಕಾಲದಲ್ಲಿಯೂ ಒಳ್ಳೆಯ ರೂಢಿ.

ಒಳಭಾಗ ಸ್ವಚ್ಛಗೊಳಿಸುವ ಕ್ರಮ

ಹಾಗೆಂದು ಸ್ವಚ್ಛತೆಯೇ ಬೇಡವೆಂದು ಯಾರೂ ತಿಳಿಯಬಾರದು. ಕೈಯಿಂದ ಹರಡುವ ರೋಗಗಳು ಬೇರೆ ಎಷ್ಟೋ ಇವೆ. ರೋಗ ಹರಡಿರುವ ಕಾಲದಲ್ಲಿ ಗಾಡಿ ಮನೆಗೆ ಬಂದಾಗ, ಇಲ್ಲವೆ ಜ್ವರ ಬಂದವರನ್ನು ಕರೆದೊಯ್ದು ಬಂದಾಗ ಈ ಕೆಳಗಿನ ಕ್ರಮ ಅನುಸರಿಸಬಹುದು.

1. ಎಲ್ಲ ಬಾಗಿಲು ತೆರೆದು ಕನಿಷ್ಠ ಕಾಲು ಗಂಟೆ ಗಾಳಿಯಾಡಲು ಬಿಡಬೇಕು. ಎಂಜಿನ್ ಬಂದ್ ಆಗಿರಬೇಕು.

2. ಒಣ ಕಸಬರಿಗೆಯಿಂದ ಧೂಳೆಬ್ಬಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಒಂದು ಬುಟ್ಟಿ ನೀರಿಗೆ ಸ್ವಲ್ಪ ಸಾಬೂನು ದ್ರಾವಣ ಬೆರೆಸಿ, ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿದರೆ ಸಾಕು. ಕೊರೊನಾ ವೈರಾಣುವಿನ ಮೈಮೇಲೆ ಕೊಬ್ಬಿನ ಹೊದಿಕೆಯಿದೆ. ಎಣ್ಣೆಗೈಯನ್ನು ತೊಳೆಯುವ ಸಾಬೂನು ಆ ಹೊದಿಕೆಯನ್ನೂ ಒಡೆಯುತ್ತದೆ.

3. ಕೈ ತಾಗುವ ಜಾಗಗಳನ್ನು ಮರೆಯಬಾರದು. ಬೀಗದ ಕೈ, ಬಾಗಿಲಿನ ಒಳಗಿನ ಮತ್ತು ಹೊರಗಿನ ಹಿಡಿಗಳು, ಸ್ಟೇರಿಂಗು, ಗೇರು, ಕೈಬ್ರೇಕು, ಗಾಜು ಇಳಿಸುವ ಗುಂಡಿ, ಬೆಲ್ಟಿನ ಕೊಂಡಿ, ಕನ್ನಡಿ, ಏಸಿ ಗುಂಡಿಗಳು ಇವು ಮುಖ್ಯ. ಬೇಕಿದ್ದರೆ ಶೇಕಡಾ 70ರ ಆಲ್ಕೋಹಾಲ್ ಇರುವ ಸ್ಯಾನಿಟೈಸರನ್ನು ಬಟ್ಟೆಗೆ ಹಾಕಿಕೊಂಡು ಒರೆಸಬಹುದು. ನೇರವಾಗಿ ಗುಂಡಿಗಳ ಮೇಲೆ ಸಿಂಪಡಿಸಬಾರದು.

4. ಆಲ್ಕೋಹಾಲ್ ಬೇಗ ಬೆಂಕಿ ಹಿಡಿಯುವ ವಸ್ತು. ಒರೆಸಿದ ಕೂಡಲೇ ಗಾಡಿಯೊಳಗೆ ಕರ್ಪೂರ, ಊದಿನಕಡ್ಡಿ, ಬೀಡಿ ಹಚ್ಚುವುದು ಅಪಾಯಕರ. ಪೂಜೆ ಮೊದಲಾಗಲಿ, ಒರೆಸುವ ಕೆಲಸ ಆಮೇಲೆ ಬಾಗಿಲು ತೆರೆದಿಟ್ಟು ಆಗಲಿ. ಸ್ಯಾನಿಟೈಸರ್ ಬಾಟಲಿಯನ್ನು ಬೇಸಿಗೆಯ ಬಿಸಿಲಿಗೆ ಗಾಡಿಯಲ್ಲಿ ಬಿಡಬಾರದು.

5. ಬ್ಲೀಚಿಂಗ್ ಪುಡಿಯ ದ್ರಾವಣವನ್ನು ಕಾರಿನ ಒಳಭಾಗಕ್ಕೆ ಬಳಸಬಾರದು. ಅದು ಲೋಹವನ್ನು ತಿನ್ನುತ್ತದೆ, ಬಟ್ಟೆಯ ಬಣ್ಣ ತೆಗೆಯುತ್ತದೆ, ಮುಚ್ಚಿದ ಜಾಗದಲ್ಲಿ ಕಣ್ಣು, ಮೂಗು, ಪುಪ್ಪುಸಕ್ಕೆ ಹಾನಿ ಮಾಡುತ್ತದೆ. ಹೊರತೆಗೆದ ರಬ್ಬರ್ ಚಾಪೆಗಳಿಗೆ ಬೇಕಾದರೆ ಬಳಸಬಹುದು. ಪ್ರತಿ ಲೀಟರ್ ನೀರಿಗೆ 30 ಗ್ರಾಂ ಹೊಸ ಪುಡಿ ಕದಡಿ, ತಿಳಿಯಾದ ಮೇಲಿನ ನೀರನ್ನು ಹಚ್ಚಿ, 10 ನಿಮಿಷ ಬಿಟ್ಟು ಸ್ವಚ್ಛ ನೀರಿನಿಂದ ತೊಳೆಯಬೇಕು. ಬಹಳ ದಿನ ತೆರೆದಿಟ್ಟ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ಇದನ್ನು ಪಾಯಖಾನೆ ತೊಳೆಯುವ ಆಸಿಡ್ಡಿನ ಜೊತೆ ಎಂದೂ ಬೆರೆಸಬಾರದು. ವಿಷಗಾಳಿ ಏಳುತ್ತದೆ.

6. ಹೊಲಕ್ಕೆ ಔಷಧ ಹೊಡೆಯುವ ಪಂಪನ್ನು ಗಾಡಿಯೊಳಗೆ ಬಳಸಲೇಬಾರದು. ಎಷ್ಟು ತೊಳೆದರೂ ನಳಿಗೆಯಲ್ಲಿ, ವಾಷರಿನಲ್ಲಿ ಕೀಟನಾಶಕದ ಅಂಶ ಉಳಿಯಬಹುದು. ಮಕ್ಕಳು ಕೂರುವ ಆಸನಕ್ಕೆ ಅದನ್ನು ಸಿಂಪಡಿಸಿದಂತಾಗುತ್ತದೆ.

7. ಆಸನದ ಬಟ್ಟೆಯನ್ನು ನೆನೆಸಬಾರದು. ಹಿಂಡಿದ ಬಟ್ಟೆಯಿಂದ ಒರೆಸಿ, ಬಾಗಿಲು ತೆರೆದು ಒಣಗಿಸಬೇಕು. ಅನುಮಾನವೇ ಹೋಗದಿದ್ದರೆ ಮೂರು ದಿನ ಗಾಡಿಯನ್ನು ಯಾರೂ ಬಳಸದೆ ಬಿಡಬಹುದು. ಕಾಲವೇ ಎಲ್ಲಕ್ಕಿಂತ ಅಗ್ಗದ ಸೋಂಕುನಿವಾರಕ.

ಮುಗಿದ ಮೇಲೆ ಎರಡೂ ಕೈಗಳನ್ನು ಸಾಬೂನಿನಿಂದ ತೊಳೆದುಕೊಳ್ಳಬೇಕು. ಇದಕ್ಕೆಲ್ಲ ಒಂದು ಸಾಬೂನು ಮತ್ತು ಅರ್ಧ ತಾಸಿನ ಹೊರತು ಬೇರೆ ಖರ್ಚಿಲ್ಲ. ಹೊಗೆಯಂತ್ರ, ಲೇಪನ ಎಂದು ಸಾವಿರಾರು ರೂಪಾಯಿ ಕೇಳುವವರಿಗೆ ‘ಇದು ಎಷ್ಟು ದಿನ, ಯಾವ ರೋಗವನ್ನು ತಡೆಯುತ್ತದೆ?’ ಎಂದು ಕೇಳಿ ನೋಡಿರಿ. ಔಷಧ ಹಚ್ಚಿದ ಆಸನದ ಮೇಲೆ ಮರುಗಳಿಗೆಯೇ ಕೆಮ್ಮುವವನು ಬಂದು ಕೂತರೆ ಆ ಹಣವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆಯೇ.

ಮನುಷ್ಯರು ಬೆಳೆಯಲ್ಲ

ಸಿಂಪರಣೆಯ ಈ ಹುಚ್ಚು ಗಾಡಿಗಷ್ಟೇ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. 2020ರ ಮಾರ್ಚ್ ಕೊನೆಯಲ್ಲಿ ಉತ್ತರ ಪ್ರದೇಶದ ಬರೇಲಿಯಲ್ಲಿ, ಊರಿಗೆ ಮರಳುತ್ತಿದ್ದ ಕೂಲಿಕಾರರನ್ನು ರಸ್ತೆಯಲ್ಲಿ ಕೂರಿಸಿ ಅವರ ಮೈಮೇಲೆ ಸೋಂಕುನಿವಾರಕ ಹೊಡೆದರು. ಮಕ್ಕಳೂ ಅವರಲ್ಲಿದ್ದರು. ಮನುಷ್ಯರ ಮೇಲೆ ಇಂಥ ಸಿಂಪರಣೆ ಮಾಡಬಾರದೆಂದು ಕೇಂದ್ರ ಆರೋಗ್ಯ ಸಚಿವಾಲಯ ಏಪ್ರಿಲ್ 18ರಂದು ಸೂಚನೆ ಹೊರಡಿಸಬೇಕಾಯಿತು. ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಯಾವ ಸಂದರ್ಭದಲ್ಲಿಯೂ ಮನುಷ್ಯರ ಮೇಲೆ ಸೋಂಕುನಿವಾರಕ ಸಿಂಪಡಿಸಬಾರದೆಂದು ಹೇಳಿತು. ಬೀದಿಗಳಿಗೆ ಹೊಡೆಯುವುದರಿಂದಲೂ ಪ್ರಯೋಜನವಿಲ್ಲ, ಮಣ್ಣು ಮತ್ತು ಕಸ ಔಷಧದ ಶಕ್ತಿಯನ್ನು ನುಂಗಿಬಿಡುತ್ತವೆ ಎಂದಿತು.

ಚಿಂಚೋಳಿಯ ತಾಂಡಾಗಳಿಂದ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋಗುವವರು ಬಹಳ. ಆ ಬೇಸಿಗೆಯಲ್ಲಿ ಅವರೆಲ್ಲ ಸಿಕ್ಕ ಗಾಡಿ ಹತ್ತಿ ಊರಿಗೆ ಬಂದು ಶಾಲೆ, ಹಾಸ್ಟೆಲುಗಳಲ್ಲಿ ದಿನ ಕಳೆದರು. ಅವರನ್ನು ಕಂಡು ಹೆದರಿದವರು ನಾವೇ. ಅವರು ಬಂದ ಲಾರಿಯೊಳಗೆ ಗಾಳಿಯಾಡುತ್ತಿತ್ತೋ ಇಲ್ಲವೋ ಎಂದು ಕೇಳಿದವರು ವಿರಳ. 2020ರ ಮೇ 19ರಂದು ರಾಜ್ಯದಲ್ಲಿ ಸರ್ಕಾರಿ ಬಸ್ಸುಗಳು ಮತ್ತೆ ಹೊರಟಾಗ ಒಂದು ಬಸ್ಸಿಗೆ 30 ಜನ ಮಾತ್ರ ಎಂದು ಗೊತ್ತುಮಾಡಿದ್ದರು. ಆ ನಿಯಮದ ಹಿಂದಿದ್ದ ವಿವೇಕವನ್ನು ನಮ್ಮ ಖಾಸಗಿ ಗಾಡಿಗಳಿಗೆ ನಾವು ಅನ್ವಯಿಸಿಕೊಳ್ಳಲಿಲ್ಲ. ಐದು ಜನರ ಕಾರಿಗೆ ಏಳು ಜನ, ಸರಕು ಸಾಗಿಸುವ ಟೆಂಪೋಗೆ ಇಪ್ಪತ್ತು ಜನ ಹತ್ತಿದೆವು.

ದನ ಸಾಗಿಸುವ ಗಾಡಿಯ ಮಾತು

ಹೊಸ ಗಾಡಿಯೆಂದರೆ ಎಲ್ಲರಿಗೂ ಕಾರಲ್ಲ. ಅನೇಕ ರೈತರಿಗೆ ಅದು ಸಣ್ಣ ಸರಕು ಗಾಡಿ. ಬೆಳಿಗ್ಗೆ ತರಕಾರಿ, ಮಧ್ಯಾಹ್ನ ಸಂತೆಗೆ ಎತ್ತು, ಸಂಜೆ ಮದುವೆ ದಿಬ್ಬಣ ಎಲ್ಲವೂ ಅದರಲ್ಲಿಯೇ. ಇಲ್ಲಿ ಕೀಡೆ ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಬೇರೆಯಾಗುತ್ತದೆ ಎಂಬುದನ್ನು ಮುಖ್ಯವಾಗಿ ಗಮನಿಸಬೇಕು.

ಕಾಲುಬಾಯಿ ಜ್ವರದ ವೈರಾಣುವಿಗೆ ಕೊಬ್ಬಿನ ಹೊದಿಕೆಯಿಲ್ಲ. ಸಾಬೂನು, ಸ್ಯಾನಿಟೈಸರುಗಳನ್ನು ಅದರ ಮೇಲೆ ನೆಚ್ಚಿಕೊಳ್ಳುವಂತಿಲ್ಲ. ಆದರೆ ಅದು ಕ್ಷಾರ ಮತ್ತು ಹುಳಿ ಎರಡನ್ನೂ ತಾಳದು. ಸಗಣಿ, ಗಂಜಲ, ಜೊಲ್ಲು ಅಂಟಿದ ಗಾಲಿ ಮತ್ತು ಹಲಗೆಗಳ ಮೂಲಕ ಅದು ಊರಿಂದೂರಿಗೆ ಹೋಗುತ್ತದೆ. ಗಾಡಿಯ ಹಲಗೆಯನ್ನು ಮೊದಲು ಉಜ್ಜಿ ಸಗಣಿ ತೆಗೆದು ತೊಳೆಯಬೇಕು. ಆಮೇಲೆ ಪ್ರತಿ ಲೀಟರ್ ನೀರಿಗೆ 40 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಹಲಗೆಗೂ ಗಾಲಿಗಳಿಗೂ ಸುರಿದು, ಸ್ವಲ್ಪ ಹೊತ್ತು ಬಿಟ್ಟು ತೊಳೆಯಬೇಕು. ಸಗಣಿಯ ಮೇಲೆಯೇ ಔಷಧ ಸುರಿದರೆ ಅದು ಸಗಣಿಗೆ ಹೋದೀತೇ ಹೊರತು ವೈರಾಣುವಿಗೆ ತಟ್ಟದು.

ಚರ್ಮಗಂಟು ರೋಗದ್ದು ಮತ್ತೊಂದು ಬಗೆ. 2019ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡ ಈ ರೋಗ 2022ರಲ್ಲಿ ದೇಶದ ದನಗಳನ್ನು ಹೇಗೆ ಕಾಡಿತೆಂಬುದು ಗೊತ್ತೇ ಇದೆ. ಆಗ ನಮ್ಮ ರಾಜ್ಯದಲ್ಲಿಯೂ ದನದ ಸಂತೆ, ಜಾತ್ರೆಗಳಿಗೆ ತಡೆ ಬಿತ್ತು. ಇದು ಮುಖ್ಯವಾಗಿ ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುತ್ತದೆ. ಮನುಷ್ಯರಿಗೆ ಬರುವುದಿಲ್ಲ. ಆದರೆ ಗಂಟು ಒಣಗಿ ಉದುರಿದ ಹಕ್ಕಳೆಯಲ್ಲಿ ವೈರಾಣು 35 ದಿನಗಳವರೆಗೂ ಬದುಕಬಲ್ಲದು. ಅಂದರೆ ಕಾರಿನ ಆಸನಕ್ಕೆ ಮೂರು ದಿನದ ಲೆಕ್ಕ, ದನ ಸಾಗಿಸಿದ ಹಲಗೆಗೆ ತಿಂಗಳ ಲೆಕ್ಕ. ಇಲ್ಲಿ ತೊಳೆದು ಸೋಂಕುನಿವಾರಕ ಬಳಸುವುದು ನಿಜವಾಗಿಯೂ ಅಗತ್ಯ. ಶೇಕಡಾ 2ರಿಂದ 3ರ ಹೈಪೋಕ್ಲೋರೈಟ್ ದ್ರಾವಣ ಈ ವೈರಾಣುವನ್ನು ಕೊಲ್ಲುತ್ತದೆ. ಪಶುವೈದ್ಯರನ್ನು ಕೇಳಿ ಬಳಸುವುದು ಉತ್ತಮ. ಆದರೆ ನೊಣ, ಉಣ್ಣೆಗಳನ್ನು ತಡೆಯದೆ, ಲಸಿಕೆ ಹಾಕಿಸದೆ ಬರೀ ಗಾಡಿ ತೊಳೆದರೆ ಫಲ ಅಷ್ಟಕ್ಕಷ್ಟೆ. ರೋಗದ ದನವನ್ನು ಗಾಡಿ ಹತ್ತಿಸದಿರುವುದೇ ಎಲ್ಲಕ್ಕಿಂತ ದೊಡ್ಡ ಸೋಂಕುನಿವಾರಣೆ.

ಮೂರು ರೋಗ, ಮೂರು ಬಗೆ. ಒಂದೇ ಪಂಪು, ಒಂದೇ ಪುಡಿ ಎಲ್ಲಕ್ಕೂ ಸಾಲದು.

ಮುಂದಿನ ಸಲಕ್ಕೆ

ಕೋವಿಡ್ ಇನ್ನು ಜಾಗತಿಕ ತುರ್ತುಸ್ಥಿತಿಯಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಸಾರಿತು. ಮುಗಿದ ಮಾತನ್ನು ಈಗೇಕೆ ಎತ್ತಬೇಕೆಂದು ಕೆಲವರಿಗೆ ಅನಿಸಬಹುದು. ಆದರೆ ಪಾಠ ಕಲಿಯಲು ಮಳೆ ನಿಂತ ಕಾಲವೇ ಸರಿಯಾದ ಕಾಲ. ಮಾಳಿಗೆ ಸೋರುವುದನ್ನು ಯಾರೂ ಮಳೆಯಲ್ಲಿ ಸರಿಪಡಿಸುವುದಿಲ್ಲ.

ಹಳ್ಳಿಯ ಕಾರು ಪಟ್ಟಣದ ಕಾರಿನಂತಲ್ಲ. ಅದು ಒಂದು ಮನೆಯದಾದರೂ ಇಡೀ ಓಣಿಯದು. ರಾತ್ರಿ ಎರಡು ಗಂಟೆಗೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಉಸಿರು ಕಟ್ಟಿದರೆ ಆ ಮನೆಯ ಬಾಗಿಲನ್ನೇ ಬಡಿಯುತ್ತಾರೆ. ಮುಂದೆ ಯಾವುದೇ ಸಾಂಕ್ರಾಮಿಕ ಬಂದರೂ ಮೊದಲ ರೋಗಿಯನ್ನು ಒಯ್ಯುವುದು ಆ ಗಾಡಿಯೇ. ಹೆದರಿ ‘ಒಯ್ಯುವುದಿಲ್ಲ’ ಎನ್ನಬೇಕಾಗಿಲ್ಲ. ರೋಗಿ ಹಿಂದಿನ ಆಸನದಲ್ಲಿ, ಚಾಲಕನಿಗೆ ಓರೆಯಾಗಿ ಎದುರು ಮೂಲೆಯಲ್ಲಿ ಕೂರಲಿ. ಜೊತೆಗೆ ಒಬ್ಬರೇ ಇರಲಿ. ಎಲ್ಲರಿಗೂ ಮಾಸ್ಕು ಇರಲಿ, ಎಲ್ಲ ಗಾಜುಗಳೂ ಇಳಿದಿರಲಿ. ಮರಳಿ ಬಂದು ಬಾಗಿಲು ತೆರೆದಿಟ್ಟು, ಸಾಬೂನು ಬಟ್ಟೆಯಿಂದ ಒರೆಸಿ, ಕೈ ತೊಳೆದು ಮನೆಯೊಳಗೆ ಹೋದರಾಯಿತು.

ಗ್ರಾಮ ಪಂಚಾಯತಿಯವರೂ ವಾಚನಾಲಯದ ಯುವಕರೂ ಮನಸ್ಸು ಮಾಡಿದರೆ ಊರಿನ ಗಾಡಿಗಳವರನ್ನು ಒಂದು ಸಂಜೆ ಕೂಡಿಸಿ ಇಷ್ಟನ್ನು ತಿಳಿಸಿಕೊಡುವುದು ಕಷ್ಟದ ಕೆಲಸವಲ್ಲ. ಅದಕ್ಕೆ ಯಾವ ಅನುದಾನವೂ ಬೇಕಾಗಿಲ್ಲ.

ನನ್ನ ಸೋದರಮಾವನ ಮನೆಯ ಆ ಕಾರು ಇಂದಿಗೂ ಓಡುತ್ತಿದೆ. ಬಿಳಿಚಿದ ಆಸನಕ್ಕೆ ಹೊದಿಕೆ ಹಾಕಿಸಿದ್ದಾರೆ. ಕೆಟ್ಟ ಗುಂಡಿಯನ್ನು ಬದಲಿಸಲು ಹೋದಾಗ ಮಾವನ ಮಗ ಅಂಗಡಿಯವನಿಗೆ ಒಂದೇ ಮಾತು ಹೇಳಿದನಂತೆ: ‘ಉಳಿದದ್ದೇನೂ ಬ್ಯಾಡಪ್ಪ, ಗ್ಲಾಸು ಪೂರಾ ಕೆಳಗ ಇಳೀಬೇಕು, ಅಷ್ಟು ಮಾಡಿಕೊಡು.’ ಆ ಮಾತನ್ನು ಅವನು ನಾಲ್ಕು ತಿಂಗಳು ಮೊದಲೇ ಹೇಳುವಂತಿದ್ದರೆ ಎಂದು ಅನೇಕ ಸಲ ಅಂದುಕೊಂಡಿದ್ದೇನೆ. ಆಗ ಅವನಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಈಗ ತಿಳಿದಿದೆ. ತಿಳಿದ ಮೇಲೂ ಗಾಜು ಏರಿಸಿ ಕೂತರೆ ತಪ್ಪು ನಮ್ಮದೇ.